ಅಕ್ಕನ ಲೈಸೆನ್ಸು ಮತ್ತು ಅಮೆರಿಕದ ಮೇಷ್ಟ್ರುಗಳ ಚರಿತ್ರೆ

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸಿನಲ್ಲಿ ರಿಲೀಸು, ಆಮೇಲೆ ಊರಿಂದ ಅಪ್ಪ ಅಮ್ಮ ಬಂದಿದ್ರು, ಆಮೇಲೆ ಹಿಮ... ನೆಪಗಳಿಗೇನು ಬರ ಹೇಳಿ. ಈ ಸಲ ಕೂತು ಬರೆಯೋ ಹಾಗೆ ಮಾಡಿದ್ದು ಒಂದು ಪಾರ್ಕಿಂಗ್ ಲಾಟು.

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಕ್ಕನ್ನ ಕಾರಲ್ಲಿ ಕೂರಿಸ್ಕೊಂಡು ಇಲ್ಲಿ ನ್ಯೂಜೆರ್ಸಿಯ ಒಂದು ಪರೀಕ್ಷಾ ಕೇಂದ್ರಕ್ಕೆ ಹೋಗಿದ್ದೆ. ಭಾವ ಊರಲ್ಲಿರಲಿಲ್ಲ, ಅಕ್ಕನಿಗೆ ಹೈವೇ ಮೇಲೆ ಗಾಡಿ ಓಡಿಸೋಕೆ ಇನ್ನೂ ಧೈರ್ಯ ಇಲ್ಲ. ಪರೀಕ್ಷೆ ಹೆಸರು ಪ್ರಾಕ್ಸಿಸ್. ಇಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಸ್ಕೂಲಿನ ಮೇಷ್ಟ್ರಾಗಬೇಕು ಅಂದ್ರೆ ರಾಜ್ಯದಿಂದ ಲೈಸೆನ್ಸ್ ಬೇಕು, ಲೈಸೆನ್ಸ್ ಬೇಕು ಅಂದ್ರೆ ಇದನ್ನ ಪಾಸು ಮಾಡಬೇಕು.

ಅಕ್ಕ ಹಾಸನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಗಣಿತ ಹೇಳಿಕೊಟ್ಟವಳು. ಬಿ.ಎಸ್ಸಿ., ಬಿ.ಎಡ್. ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಶನ್‌ಗೂ ಹೋಗ್ತಿದ್ಲು. ಮದುವೆಯಾಗಿ ಭಾವನ ಜೊತೆ ಇಲ್ಲಿಗೆ ಬಂದ ಮೇಲೆ ಮೊದಲೆರಡು ವರ್ಷ ಕೆಲಸ ಮಾಡೋ ಹಾಗಿರಲಿಲ್ಲ, ವೀಸಾದ ಕಥೆ ನಿಮಗೆಲ್ಲ ಗೊತ್ತೇ ಇದೆ. ಪರ್ಮಿಟ್ ಬಂದ ಮೇಲೆ ಸ್ಕೂಲಿಗೇ ಸೇರಿದಳು, ಆದರೆ ಟೀಚರ್ ಆಗಿ ಅಲ್ಲ, 'ಪ್ಯಾರಾ' ಆಗಿ. ಅಂದ್ರೆ ಕ್ಲಾಸಿನ ಹಿಂದೆ ಕೂತು, ಸ್ವಲ್ಪ ನಿಧಾನ ಇರೋ ಮಗುವಿಗೆ ಸಹಾಯ ಮಾಡೋ ಕೆಲಸ. ಆ ಎಂಟನೇ ಕ್ಲಾಸಿಗೆ ಗಣಿತದ ಮೇಷ್ಟ್ರೇ ಇಲ್ಲ, ಸೆಪ್ಟೆಂಬರಿಂದ ಒಬ್ಬರಾದ ಮೇಲೆ ಒಬ್ಬರು ಸಬ್‌ಸ್ಟಿಟ್ಯೂಟ್. ಒಂದು ದಿನ ಬೋರ್ಡ್ ಮೇಲೆ ಋಣ ಸಂಖ್ಯೆಯನ್ನ ಋಣ ಸಂಖ್ಯೆಯಿಂದ ಕಳೆಯೋದನ್ನ ತಪ್ಪು ಬರೆದರಂತೆ. ಅಕ್ಕ ಸುಮ್ಮನೆ ಕೂತಿದ್ಲು. "ಯಾಕೆ ಹೇಳಲಿಲ್ಲ?" ಅಂದೆ. "ನನ್ನ ಹತ್ರ ಲೈಸೆನ್ಸ್ ಇಲ್ಲ ಕಣೋ" ಅಂದ್ಲು. ನಗ್ತಾನೇ ಅಂದಿದ್ದು, ಆದ್ರೆ ನನಗೆ ಆ ಮಾತು ತಲೆಯಿಂದ ಹೋಗಲಿಲ್ಲ.

ಪರೀಕ್ಷೆ ಮೂರು ಗಂಟೆ. ನಾನು ಕಾರಲ್ಲಿ ಹೀಟರ್ ಹಾಕ್ಕೊಂಡು ಕೂತು, ಈ ಲೈಸೆನ್ಸ್ ಅನ್ನೋದು ಎಲ್ಲಿಂದ ಶುರುವಾಯ್ತು ಅಂತ ಓದೋಕೆ ಹಿಡಿದೆ. ಆಮೇಲೆ ಲೈಬ್ರರಿಗೆ ಹೋಗಿ ಪುಸ್ತಕಗಳನ್ನೂ ತಂದೆ. ನಾನು ಇತಿಹಾಸದವನಲ್ಲ, ಕಂಪ್ಯೂಟರ್ ಸೈನ್ಸ್ ಬಿ.ಇ. ಇತಿಹಾಸ ಓದಿದ್ದು ಹತ್ತನೇ ಕ್ಲಾಸಿಗೇ ಕೊನೆ. ಆದರೂ ಓದಿದ್ದನ್ನ ಯಾರ ಹತ್ರಾನಾದ್ರೂ ಹೇಳಲೇಬೇಕು ಅನ್ನಿಸ್ತು, ಅದಕ್ಕೆ ನೀವಿದ್ದೀರಲ್ಲ :-)

ಶುರುವಿನಲ್ಲಿ ಮೇಷ್ಟ್ರನ್ನ ಕೇಳ್ತಿದ್ದ ಪ್ರಶ್ನೆ ಗಣಿತದ್ದೂ ಅಲ್ಲ, ವ್ಯಾಕರಣದ್ದೂ ಅಲ್ಲ. ಬ್ರಿಟಿಷ್ ವಸಾಹತಾಗಿದ್ದ ಮ್ಯಾಸಚೂಸೆಟ್ಸ್‌ನಲ್ಲಿ 1647ರಲ್ಲಿ ಒಂದು ಕಾನೂನು ಬಂತು. ಐವತ್ತು ಮನೆ ಇರೋ ಊರು ಓದು ಬರಹ ಕಲಿಸೋಕೆ ಒಬ್ಬ ಮೇಷ್ಟ್ರನ್ನ ಇಟ್ಟುಕೊಳ್ಳಲೇಬೇಕು, ನೂರು ಮನೆ ಇದ್ದರೆ ಲ್ಯಾಟಿನ್ ಕಲಿಸೋ ಗ್ರಾಮರ್ ಸ್ಕೂಲೂ ಬೇಕು. ಮಕ್ಕಳು ಬೈಬಲ್ ಓದೋ ಹಾಗಾದರೆ ಸೈತಾನನ ಮೋಸಕ್ಕೆ ಬೀಳಲ್ಲ ಅನ್ನೋದು ಕಾರಣ. ಏಳು ವರ್ಷ ಬಿಟ್ಟು, 1654ರಲ್ಲಿ, ಅದೇ ಆಡಳಿತ ಇನ್ನೊಂದು ಮಾತು ಸೇರಿಸ್ತು: ನಂಬಿಕೆಯಲ್ಲಿ ದೋಷ ಇರೋರನ್ನ, ನಡತೆ ಕೆಟ್ಟಿರೋರನ್ನ ಪಾಠ ಹೇಳೋಕೆ ಬಿಡಬಾರದು. ಅಂದ್ರೆ ಊರಿನ ಪಾದ್ರಿ ಹೂಂ ಅಂದ್ರೆ ನೀವು ಮೇಷ್ಟ್ರು, ಊಹೂಂ ಅಂದ್ರೆ ಇಲ್ಲ. ಹೇಗೆ ಕಲಿಸ್ತೀರಿ ಅಂತ ಯಾರಿಗೂ ಕುತೂಹಲ ಇರಲಿಲ್ಲ.

ನಮ್ಮಲ್ಲಿ ಕೂಲಿ ಮಠದ ಐಗಳು ಇರ್ತಿದ್ರಲ್ಲ, ಆ ಥರ. ಅಲ್ಲಿನ ಹಳ್ಳಿ ಮೇಷ್ಟ್ರುಗಳಿಗೆ ವಾರಾನ್ನ ಕೂಡ ಇತ್ತು ಅಂದ್ರೆ ನಂಬ್ತೀರಾ? ಸಂಬಳ ಕಡಿಮೆ, ಅದಕ್ಕೆ ಒಂದೊಂದು ವಾರ ಒಬ್ಬೊಬ್ಬ ವಿದ್ಯಾರ್ಥಿ ಮನೆಯಲ್ಲಿ ಊಟ, ನಿದ್ದೆ. ನಮ್ಮಲ್ಲಿ ವಾರಾನ್ನ ಉಂಡಿದ್ದು ಓದೋ ಹುಡುಗರು, ಇಲ್ಲಿ ಓದಿಸೋ ಮೇಷ್ಟ್ರು, ಅಷ್ಟೇ ವ್ಯತ್ಯಾಸ.

ರಾಜ್ಯ ಸರ್ಕಾರ ಕೈ ಹಾಕಿದ್ದು ತುಂಬಾ ತಡವಾಗಿ. 1834ರಲ್ಲಿ ಪೆನ್ಸಿಲ್ವೇನಿಯಾ, ಮೇಷ್ಟ್ರಾಗೋರು ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಪಾಸಾಗಬೇಕು ಅಂತ ಕಾನೂನು ಮಾಡಿತು. ಹಾಗೆ ಮಾಡಿದ ಮೊದಲ ರಾಜ್ಯ ಅದು. ಇನ್ನು ಮೂವತ್ತು ಚಿಲ್ಲರೆ ವರ್ಷದಲ್ಲಿ ಹೆಚ್ಚಿನ ರಾಜ್ಯಗಳು ಅದೇ ದಾರಿ ಹಿಡಿದವು. ಆದರೆ ಪರೀಕ್ಷೆ ಮಾಡೋರು ರಾಜ್ಯದೋರಲ್ಲ, ಕೌಂಟಿಯ ಸೂಪರಿಂಟೆಂಡೆಂಟ್. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ ಅಂದ್ಕೊಳ್ಳಿ. ಅವರೂ ಎಷ್ಟೋ ಕಡೆ ಓಟಿನಲ್ಲಿ ಗೆದ್ದು ಬಂದೋರು. ಅವರು ಕೇಳಿದ್ದೇ ಪ್ರಶ್ನೆ, ಕೊಟ್ಟಿದ್ದೇ ಮಾರ್ಕು.

ಇದರ ಒಂದು ಚಂದದ ಚಿತ್ರ ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯದ ಮೇಲೆ ಬರೆದ ಕಾದಂಬರಿ ಸರಣಿಯಲ್ಲಿದೆ. 'ಲಿಟ್ಲ್ ಹೌಸ್' ಪುಸ್ತಕಗಳು, ಟಿವಿ ಧಾರಾವಾಹಿಯಾಗಿಯೂ ಬಂದಿತ್ತು. ಡಕೋಟಾದ ಬಯಲಿನಲ್ಲಿ ಮನೆ. ಹದಿನಾರು ತುಂಬದೆ ಮೇಷ್ಟ್ರ ಸರ್ಟಿಫಿಕೇಟು ಕೊಡೋ ಹಾಗಿಲ್ಲ, ಹುಡುಗಿಗೆ ಹದಿನೈದು. ಕೇಳದೆ ಇದ್ದರೆ ವಯಸ್ಸು ಹೇಳಬೇಡ ಅಂತ ದೊಡ್ಡವರೇ ಹೇಳಿಕೊಡ್ತಾರೆ. ಸೂಪರಿಂಟೆಂಡೆಂಟ್ ಮನೆಗೇ ಬಂದು ಪರೀಕ್ಷೆ ಮಾಡಿ ಮೂರನೇ ದರ್ಜೆ ಸರ್ಟಿಫಿಕೇಟು ಬರೆದುಕೊಟ್ಟು ಹೋಗ್ತಾನೆ, ವಯಸ್ಸು ಕೇಳೋದೇ ಇಲ್ಲ! ತಿಂಗಳಿಗೆ ಇಪ್ಪತ್ತು ಡಾಲರ್ ಮೇಲೆ ಆ ಹುಡುಗಿ ಮೇಡಮ್ ಆಗ್ತಾಳೆ. ಓದುವಾಗ ಖುಷಿಯಾಗುತ್ತೆ. ಅದೇ ಕಾರಲ್ಲಿ ಕೂತ್ಕೊಂಡು ಯೋಚನೆ ಮಾಡಿದಾಗ ಇನ್ನೊಂದು ಥರ ಅನ್ನಿಸ್ತು. ಪರಿಚಯದೋರಿಗೆ ಕೇಳದೇ ಬಿಟ್ಟ ಪ್ರಶ್ನೆಯನ್ನ ಬೇರೆ ಯಾರಿಗೋ ಕೇಳಿರ್ತಾನೆ ಅಲ್ವಾ?

ಇದಕ್ಕೆ ಇನ್ನೊಂದು ಮುಖಾನೂ ಇದೆ. 1869ರಲ್ಲಿ ಅಯೋವಾದ ಮಿಚೆಲ್ ಕೌಂಟಿಯಲ್ಲಿ ಜೂಲಿಯಾ ಅಡಿಂಗ್ಟನ್ ಅನ್ನೋ ಹೆಂಗಸು ಕೌಂಟಿ ಸೂಪರಿಂಟೆಂಡೆಂಟ್ ಆಗಿ ಚುನಾವಣೆಯಲ್ಲಿ ಗೆದ್ದರು. ಆಗ ಹೆಂಗಸರಿಗೆ ಓಟೇ ಇಲ್ಲ. ಓಟು ಹಾಕೋ ಹಕ್ಕಿಲ್ಲದೋರು ಓಟು ಹಾಕೋ ಗಂಡಸರನ್ನ ಕೂರಿಸಿ ಪರೀಕ್ಷೆ ಮಾಡಿ, ನೀನು ಮೇಷ್ಟ್ರಾಗೋಕೆ ಲಾಯಕ್ಕಿಲ್ಲ ಅನ್ನಬಹುದಿತ್ತು. ಈ ದೇಶ ವಿಚಿತ್ರ ಮಾರಾಯ್ರೆ.

ಇನ್ನು ತರಬೇತಿ. ಹೊರೇಸ್ ಮ್ಯಾನ್ ಅನ್ನೋರು 1837ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಮೇಲೆ, 1839ರ ಜುಲೈ 3ರಂದು ಲೆಕ್ಸಿಂಗ್ಟನ್‌ನಲ್ಲಿ ರಾಜ್ಯದ ಮೊದಲ ನಾರ್ಮಲ್ ಸ್ಕೂಲ್ ತೆರೆಯಿತು. ಮೊದಲ ದಿನ ಬಂದಿದ್ದು ಮೂರೇ ಮೂರು ಹುಡುಗಿಯರು. 'ನಾರ್ಮಲ್ ಸ್ಕೂಲ್' ಅನ್ನೋ ಪದ ಹಳೇ ಮೈಸೂರು, ಧಾರವಾಡದ ಕಡೆ ಹಿರಿಯರಿಗೂ ಗೊತ್ತು, ಟಿ.ಸಿ.ಎಚ್. ಕಾಲಕ್ಕೂ ಹಿಂದಿನ ಮಾತು. ಆ ಹೊತ್ತಿಗೆ ಹೆಂಗಸರನ್ನ ಮೇಷ್ಟ್ರು ಮಾಡೋದು ಜಾಸ್ತಿಯಾಗ್ತಿತ್ತು. ತಾಯಿಯ ಮನಸ್ಸು, ತಾಳ್ಮೆ ಅಂತೆಲ್ಲ ಭಾಷಣ ಮಾಡಿದರೂ, ಗಂಡಸರಿಗೆ ಕೊಡೋದರ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಅವರು ಸಿಗ್ತಿದ್ರು ಅನ್ನೋದೂ ಅಷ್ಟೇ ದೊಡ್ಡ ಕಾರಣ. ಮದುವೆಯಾದರೆ ಕೆಲಸ ಬಿಡಬೇಕು ಅನ್ನೋ ನಿಯಮ ಎರಡನೇ ಮಹಾಯುದ್ಧದವರೆಗೂ ತುಂಬಾ ಊರುಗಳಲ್ಲಿತ್ತು. (ಮೇಷ್ಟ್ರಮ್ಮ ಐಸ್‌ಕ್ರೀಮ್ ಅಂಗಡಿ ಹತ್ರ ನಿಲ್ಲಬಾರದು, ರಾತ್ರಿ ಎಂಟಕ್ಕೆ ಮನೆಯಲ್ಲಿರಬೇಕು ಅನ್ನೋ '1915ರ ನಿಯಮಗಳು' ಅಂತ ಒಂದು ಫಾರ್ವರ್ಡ್ ಓಡಾಡುತ್ತಲ್ಲ, ಅದರ ಮೂಲ ಎಲ್ಲೂ ಸಿಕ್ಕಿಲ್ಲ, ನಂಬಬೇಡಿ. ಮದುವೆ ನಿಯಮ ಮಾತ್ರ ನಿಜ.)

1906ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಎಲ್ವುಡ್ ಕಬರ್ಲಿ ಈ ಸರ್ಟಿಫಿಕೇಟುಗಳ ಮೇಲೇ ಒಂದು ಪುಸ್ತಕ ಬರೆದರು. ಒಂದು ಕೌಂಟಿಯದು ಪಕ್ಕದ ಕೌಂಟಿಯಲ್ಲಿ ನಡೆಯಲ್ಲ, ಒಂದು ರಾಜ್ಯದ್ದು ಇನ್ನೊಂದರಲ್ಲಿ ನಡೆಯಲ್ಲ, ಒಬ್ಬೊಬ್ಬರದು ಒಂದೊಂದು ನಿಯಮ ಅನ್ನೋದು ಅವರ ದೂರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಸರ್ವರ್‌ನಲ್ಲೂ ಬೇರೆ ಬೇರೆ ವರ್ಷನ್, ಯಾವುದಕ್ಕೂ ಡಾಕ್ಯುಮೆಂಟೇಶನ್ ಇಲ್ಲ. ಮರುವರ್ಷ, 1907ರಲ್ಲಿ, ಇಂಡಿಯಾನಾ ಎಲ್ಲಾ ಮೇಷ್ಟ್ರುಗಳೂ ಹೈಸ್ಕೂಲ್ ಮುಗಿಸಿರಲೇಬೇಕು ಅಂತ ಮೊದಲ ಬಾರಿ ಕಾನೂನು ಮಾಡಿತು. ಗಮನಿಸಿ, 1907! ಅಲ್ಲಿಯವರೆಗೆ ಹೈಸ್ಕೂಲೂ ಮುಗಿಸದೆ ಪಾಠ ಹೇಳಬಹುದಿತ್ತು. ಆಮೇಲೆ ನಿಧಾನಕ್ಕೆ ಅಧಿಕಾರ ಕೌಂಟಿಯಿಂದ ರಾಜಧಾನಿಗೆ ಹೋಯ್ತು, ಪರೀಕ್ಷೆಯ ಬದಲು ಕಾಲೇಜಿನ ಕಾಗದ ಮುಖ್ಯವಾಯ್ತು. ರಾಜ್ಯದಿಂದ ರಾಜ್ಯಕ್ಕೆ ಒಯ್ಯೋ ತೊಂದರೆ ಮಾತ್ರ ಇನ್ನೂ ಹೋಗಿಲ್ಲ. ಹತ್ತು ರಾಜ್ಯಗಳು ಸೇರಿ ನಮ್ಮ ನಮ್ಮಲ್ಲಿ ಲೈಸೆನ್ಸ್ ಒಪ್ಪಿಕೊಳ್ಳೋಣ ಅಂತ ಒಂದು ಒಪ್ಪಂದ ಜಾರಿಗೆ ಬಂದಿದ್ದು 2023ರಲ್ಲಿ. ಕಬರ್ಲಿ ಪುಸ್ತಕಕ್ಕೂ ಅದಕ್ಕೂ 117 ವರ್ಷ.

ಇಲ್ಲಿವರೆಗೆ ಓದಿದಾಗ ಇದು ಒಂಥರಾ ಪ್ರಗತಿಯ ಕಥೆ ಅನ್ನಿಸಿತ್ತು. ಪಾದ್ರಿ ಹೋಗಿ ಸೂಪರಿಂಟೆಂಡೆಂಟ್ ಬಂದ, ಅವನು ಹೋಗಿ ರಾಜ್ಯ ಬಂತು, ಎಲ್ಲಾ ಮೇಲೆ ಮೇಲೆ ಹೋಗ್ತಾ ಇದೆ. ಆದರೆ ಅಕ್ಕ ಒಳಗೆ ಕೂತು ಬರೀತಿದ್ದ ಪ್ರಾಕ್ಸಿಸ್ ಎಲ್ಲಿಂದ ಬಂತು ಅಂತ ಹುಡುಕಿದಾಗ ಕಥೆ ಬೇರೆ ಕಡೆ ತಿರುಗಿತು. ಪ್ರಾಕ್ಸಿಸ್ ಬಂದಿದ್ದು 1993ರಲ್ಲಿ. ಅದಕ್ಕೆ ಮುಂಚೆ ಆ ಜಾಗದಲ್ಲಿ ಇದ್ದಿದ್ದು ನ್ಯಾಷನಲ್ ಟೀಚರ್ ಎಕ್ಸಾಮಿನೇಶನ್, ಎನ್.ಟಿ.ಇ. ಮೊದಲ ಬಾರಿ ನಡೆದಿದ್ದು 1940ರಲ್ಲಿ. ಅದನ್ನ ಲೈಸೆನ್ಸಿಗೆ ಜೋಡಿಸೋದರಲ್ಲಿ ಮುಂದೆ ನಿಂತ ರಾಜ್ಯ ಸೌತ್ ಕೆರೊಲೈನಾ, 1945ರಲ್ಲಿ. ಯಾಕೆ ಅಲ್ಲಿ, ಯಾಕೆ ಆಗ? ಇದನ್ನ ಹೇಳೋಕೆ ಒಬ್ಬ ಮೇಷ್ಟ್ರಮ್ಮನ ಪರಿಚಯ ಮಾಡಿಸಬೇಕು.

ಸೆಪ್ಟಿಮಾ ಕ್ಲಾರ್ಕ್. 1898ರಲ್ಲಿ ಸೌತ್ ಕೆರೊಲೈನಾದ ಚಾರ್ಲ್ಸ್ಟನ್‌ನಲ್ಲಿ ಹುಟ್ಟಿದ ಕಪ್ಪು ಮಹಿಳೆ. ಅಪ್ಪ ಗುಲಾಮರಾಗಿ ಹುಟ್ಟಿದವರು. 1916ರಲ್ಲಿ ಏವರಿ ನಾರ್ಮಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು ಮುಗಿಸಿ ಮೇಷ್ಟ್ರಾಗೋ ಅರ್ಹತೆ ಪಡೆದರು, ವಯಸ್ಸು ಹದಿನೆಂಟು. ಕಾಗದ ಕೈಯಲ್ಲಿತ್ತು, ಆದರೆ ಚಾರ್ಲ್ಸ್ಟನ್ ನಗರದ ಸರ್ಕಾರಿ ಸ್ಕೂಲುಗಳಲ್ಲಿ ಕಪ್ಪು ಮೇಷ್ಟ್ರುಗಳಿಗೆ ಕೆಲಸ ಇಲ್ಲ, ಕಪ್ಪು ಮಕ್ಕಳ ಸ್ಕೂಲಿನಲ್ಲೂ ಇಲ್ಲ. ಹಾಗಾಗಿ ದೋಣಿ ಹತ್ತಿ ಜಾನ್ಸ್ ಐಲೆಂಡ್ ಅನ್ನೋ ದ್ವೀಪಕ್ಕೆ ಹೋದರು. ಅಲ್ಲಿ ಅವರು ಮತ್ತು ಇನ್ನೊಬ್ಬ ಮೇಡಮ್, ಇಬ್ಬರಿಗೂ ಸೇರಿ 132 ಮಕ್ಕಳು, ಇಬ್ಬರಿಗೂ ಸೇರಿ ತಿಂಗಳಿಗೆ 60 ಡಾಲರ್. ಹತ್ತಿರದಲ್ಲೇ ಬಿಳಿ ಮಕ್ಕಳ ಸ್ಕೂಲು. ಮೂರು ಮಕ್ಕಳು, ಒಬ್ಬ ಮೇಡಮ್, ಸಂಬಳ 85 ಡಾಲರ್.

ಈ ಲೆಕ್ಕ ಓದಿದಾಗ ನಾನು ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1919ರಲ್ಲಿ ಚಾರ್ಲ್ಸ್ಟನ್‌ಗೆ ವಾಪಸ್ ಬಂದು, ಕಪ್ಪು ಮಕ್ಕಳ ಸ್ಕೂಲಿನಲ್ಲಾದರೂ ಕಪ್ಪು ಮೇಷ್ಟ್ರುಗಳನ್ನ ತಗೊಳ್ಳಿ ಅಂತ ಮನೆ ಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಮರುವರ್ಷ ಗೆದ್ದರು. ಮುಂದೆ ರಾಜಧಾನಿ ಕೊಲಂಬಿಯಾದಲ್ಲಿ ಕೆಲಸ. ಅಷ್ಟರಲ್ಲಿ ಎನ್.ಎ.ಎ.ಸಿ.ಪಿ. ಅನ್ನೋ ಕಪ್ಪು ಜನರ ಹಕ್ಕಿನ ಸಂಸ್ಥೆ ಸಂಬಳದ ಮೇಲೆ ಕೋರ್ಟಿಗೆ ಹೋಗೋಕೆ ಶುರು ಮಾಡಿತ್ತು. ಒಂದೇ ಸರ್ಟಿಫಿಕೇಟು, ಒಂದೇ ಕೆಲಸ, ಬಣ್ಣ ನೋಡಿ ಸಂಬಳ ಬೇರೆ ಕೊಡೋದು ಸಂವಿಧಾನಕ್ಕೆ ವಿರೋಧ ಅನ್ನೋದು ವಾದ. ವಾದ ಮಾಡಿದವರಲ್ಲಿ ತರ್ಗುಡ್ ಮಾರ್ಷಲ್ ಇದ್ದರು, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. 1940ರಲ್ಲಿ ವರ್ಜೀನಿಯಾದ ನಾರ್ಫೋಕ್ ಮೊಕದ್ದಮೆ ಗೆದ್ದರು. 1944ರಲ್ಲಿ ಚಾರ್ಲ್ಸ್ಟನ್, 1945ರಲ್ಲಿ ಕೊಲಂಬಿಯಾ. ಕೊಲಂಬಿಯಾದ ಮೊಕದ್ದಮೆಗೆ ಸಹಾಯ ಮಾಡಿದವರಲ್ಲಿ ಸೆಪ್ಟಿಮಾ ಒಬ್ಬರು.

ಈಗ ಸರ್ಕಾರದ ಕಡೆ ಕೂತು ಯೋಚನೆ ಮಾಡಿ. ಬಣ್ಣ ನೋಡಿ ಸಂಬಳ ಕೊಡಬೇಡಿ ಅಂತ ಕೋರ್ಟ್ ಹೇಳಿದೆ. ಹಾಗಾದರೆ ಬಣ್ಣ ಅಂತ ಎಲ್ಲೂ ಬರೆಯದೆ ಅದೇ ಉತ್ತರ ಬರೋ ಸೂತ್ರ ಯಾವುದು? ಎನ್.ಟಿ.ಇ.ಯ ಹಿಂದಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಬೆನ್ ವುಡ್, ಈ ಪರೀಕ್ಷೆಯಲ್ಲಿ ಬಿಳಿಯರ ಮತ್ತು ಕಪ್ಪು ಜನರ ಅಂಕಗಳ ನಡುವೆ ಅಂತರ ಬರುತ್ತೆ ಅಂತ ದಕ್ಷಿಣದ ಅಧಿಕಾರಿಗಳಿಗೆ ತಿಳಿಸಿದ್ದರು. ಸೌತ್ ಕೆರೊಲೈನಾ 1945ರಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಸರ್ಟಿಫಿಕೇಟು ಮಾಡಿ, ದರ್ಜೆಗೆ ತಕ್ಕ ಸಂಬಳ ಅಂತು. ಅಂಕ ಕಡಿಮೆ ಯಾಕೆ ಬರುತ್ತೆ? ಆ ಮೇಷ್ಟ್ರುಗಳು ಓದಿದ್ದು 132 ಮಕ್ಕಳಿಗೆ ಇಬ್ಬರು ಮೇಡಮ್ ಇದ್ದ ಸ್ಕೂಲುಗಳಲ್ಲಿ. ಅಂಥಾ ಸ್ಕೂಲು ಕೊಟ್ಟಿದ್ದೂ ಇದೇ ರಾಜ್ಯ, ಈಗ ಅಂಕ ಕೇಳ್ತಿರೋದೂ ಇದೇ ರಾಜ್ಯ.

ಕೋಡ್ ಬರೆಯೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಒಂದು ವೇರಿಯಬಲ್ ತೆಗೀರಿ ಅಂದ್ರು, ತೆಗೆದ್ರು. ಅದರ ಜೊತೆಜೊತೆಗೇ ಏರಿಳಿಯೋ ಇನ್ನೊಂದು ವೇರಿಯಬಲ್ ಹಾಕಿದ್ರು. ಔಟ್‌ಪುಟ್ ಸುಮಾರಾಗಿ ಅದೇ.

ಆದರೂ ಇದನ್ನ ಬರೀ ಮೋಸ ಅಂತ ಹೇಳಿ ಮುಗಿಸೋಕೂ ಆಗಲ್ಲ. ಪರೀಕ್ಷೆಯಲ್ಲಿ ಒಳ್ಳೆ ಅಂಕ ಪಡೆದ ಕಪ್ಪು ಮೇಷ್ಟ್ರುಗಳಿಗೆ ಮೊದಲ ಸಲ ಬಿಳಿಯರಷ್ಟೇ ಸಂಬಳ ಬಂತು. ಸೆಪ್ಟಿಮಾ ಅವರ ಸಂಬಳ 1929ರಲ್ಲಿ ತಿಂಗಳಿಗೆ 65 ಡಾಲರ್ ಇದ್ದದ್ದು 1947ರ ಹೊತ್ತಿಗೆ ವರ್ಷಕ್ಕೆ 4,000 ಆಗಿತ್ತು. ಈ ನಡುವೆ ಕೆಲಸ ಮಾಡ್ತಾನೇ 1942ರಲ್ಲಿ ಬಿ.ಎ., 1946ರಲ್ಲಿ ಎಂ.ಎ. ಮುಗಿಸಿದ್ದರು. ಬಾಗಿಲು ಕಿರಿದಾದರೂ ತೆರೆದಿತ್ತು, ಕೆಲವರು ಹೋದರು. ಎಷ್ಟು ಜನ ಹೊರಗೇ ಉಳಿದರು ಅನ್ನೋದು ಮುಂದೆ ಕೋರ್ಟಿನಲ್ಲಿ ಬಂತು. 1976ರಲ್ಲಿ ಸೌತ್ ಕೆರೊಲೈನಾ ಪಾಸಾಗೋ ಅಂಕ ಬದಲಾಯಿಸಿದಾಗ, ಹೊಸ ಮಿತಿಯಿಂದ ಕಪ್ಪು ಅಭ್ಯರ್ಥಿಗಳಲ್ಲಿ ಶೇಕಡ 83, ಬಿಳಿಯರಲ್ಲಿ ಶೇಕಡ 17.5 ಜನ ಅನರ್ಹರಾಗ್ತಾರೆ ಅಂತ ಮೊಕದ್ದಮೆಯಲ್ಲಿ ತೋರಿಸಿದರು. 1977ರಲ್ಲಿ ಕೋರ್ಟು, ತಾರತಮ್ಯ ಮಾಡೋ ಉದ್ದೇಶ ಸಾಬೀತಾಗಿಲ್ಲ, ಮೇಷ್ಟ್ರಿಗೆ ಬೇಕಾದ ತಿಳಿವಳಿಕೆಗೂ ಪರೀಕ್ಷೆಗೂ ಸಂಬಂಧ ಇದೆ ಅಂತ ಹೇಳಿ ಪರೀಕ್ಷೆಯನ್ನ ಎತ್ತಿ ಹಿಡಿಯಿತು. 1978ರಲ್ಲಿ ಸುಪ್ರೀಂ ಕೋರ್ಟೂ ಹೂಂ ಅಂತು. ಆ ನಡುವೆ ಇನ್ನೊಂದು ನಡೆದಿತ್ತು. 1954ರ ಬ್ರೌನ್ ತೀರ್ಪಿನಿಂದ ಬಿಳಿ, ಕಪ್ಪು ಮಕ್ಕಳ ಸ್ಕೂಲುಗಳು ಒಂದಾಗಬೇಕಾಯ್ತು. ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಸ್ಕೂಲುಗಳು. ನಂತರದ ಹತ್ತು ಹನ್ನೊಂದು ವರ್ಷದಲ್ಲಿ ದಕ್ಷಿಣದ ಮತ್ತು ಅದರ ಅಂಚಿನ 17 ರಾಜ್ಯಗಳಲ್ಲಿ 38,000ಕ್ಕೂ ಹೆಚ್ಚು ಕಪ್ಪು ಮೇಷ್ಟ್ರುಗಳು, ಹೆಡ್ ಮಾಸ್ಟರುಗಳು ಕೆಲಸ ಕಳೆದುಕೊಂಡರು ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಅವರಲ್ಲಿ ಲೈಸೆನ್ಸ್ ಇದ್ದವರೇ ತುಂಬಾ ಜನ.

ಸೆಪ್ಟಿಮಾ ಕ್ಲಾರ್ಕ್ ಕೂಡ ಕಳೆದುಕೊಂಡರು. ಸರ್ಕಾರಿ ನೌಕರರು ಎನ್.ಎ.ಎ.ಸಿ.ಪಿ. ಸದಸ್ಯರಾಗಿರಬಾರದು ಅಂತ 1956ರಲ್ಲಿ ರಾಜ್ಯ ಕಾನೂನು ಮಾಡಿತು. ಅವರು ಸದಸ್ಯತ್ವ ಮುಚ್ಚಿಡಲಿಲ್ಲ. ನಲವತ್ತು ವರ್ಷದ ಸರ್ವಿಸ್, ಕೆಲಸ ಹೋಯ್ತು, ಪಿಂಚಣಿಯೂ ಹೋಯ್ತು.

ಆಮೇಲೆ ಅವರು ಮಾಡಿದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ಭಾಗ. ಆಗ ಸೌತ್ ಕೆರೊಲೈನಾದಲ್ಲಿ ಓಟಿಗೆ ಹೆಸರು ಬರೆಸಬೇಕಾದರೆ ಓದೋಕೆ ಬರಬೇಕಿತ್ತು, ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಅದೂ ಒಂಥರಾ ಲೈಸೆನ್ಸೇ ತಾನೆ. ಅದಕ್ಕೆ ದೊಡ್ಡವರಿಗೆ ಓದು ಕಲಿಸೋ ಶಾಲೆ ಶುರು ಮಾಡಬೇಕು ಅಂತ ಎಸಾ ಜೆಂಕಿನ್ಸ್ ಅನ್ನೋರ ಜೊತೆ ಸೇರಿ ಯೋಜನೆ ಹಾಕಿದರು. ಜಾಗ ಯಾವುದು ಗೊತ್ತಾ? ಅದೇ ಜಾನ್ಸ್ ಐಲೆಂಡ್. 1957ರ ಜನವರಿಯಲ್ಲಿ, ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊದಲ ಕ್ಲಾಸು. ಮೇಷ್ಟ್ರಾಗಿ ಆರಿಸಿದ್ದು ತಮ್ಮ ಬಂಧು ಬರ್ನೀಸ್ ರಾಬಿನ್ಸನ್ ಅವರನ್ನ. ಆಕೆ ಬ್ಯೂಟಿ ಪಾರ್ಲರ್ ನಡೆಸ್ತಿದ್ದವರು, ಬಟ್ಟೆ ಹೊಲೀತಿದ್ದವರು. ಮೇಷ್ಟ್ರ ಲೈಸೆನ್ಸ್ ಇರಲಿಲ್ಲ. ನಲವತ್ತು ವರ್ಷ ಲೈಸೆನ್ಸ್ ಇಟ್ಟುಕೊಂಡು ಪಾಠ ಹೇಳಿದ ಹೆಂಗಸು, ಬೇಕು ಅಂತಲೇ ಲೈಸೆನ್ಸ್ ಇಲ್ಲದವರನ್ನ ಹುಡುಕಿದ್ದರು. ಯಾಕಂದ್ರೆ ತರಬೇತಿ ಪಡೆದ ಮೇಷ್ಟ್ರುಗಳು ಅಕ್ಷರ ಬಾರದ ದೊಡ್ಡವರನ್ನ ಮಕ್ಕಳ ಹಾಗೆ ನಡೆಸ್ಕೊತಾರೆ, ಈಕೆ ಜನರ ಮಾತು ಕೂತು ಕೇಳ್ತಾಳೆ ಅಂತ. ಈ ಮಾದರಿಯ ಶಾಲೆಗಳು ಮುಂದೆ ದಕ್ಷಿಣದ ಉದ್ದಗಲಕ್ಕೂ ಹಬ್ಬಿದವು. 1970ರ ದಶಕದಲ್ಲಿ ಸೆಪ್ಟಿಮಾ ಚಾರ್ಲ್ಸ್ಟನ್ ಕೌಂಟಿಯ ಸ್ಕೂಲ್ ಬೋರ್ಡಿಗೆ ಆಯ್ಕೆಯಾದರು. ಪಿಂಚಣಿಯೂ 1976ರಲ್ಲಿ ವಾಪಸ್ ಬಂತು.

ಇದನ್ನೆಲ್ಲ ಹೇಳಿದರೆ ಪರೀಕ್ಷೆ, ಲೈಸೆನ್ಸ್ ಎಲ್ಲಾ ಬೇಡ ಅಂತ ನಾನು ಹೇಳ್ತಿದ್ದೀನಿ ಅಂದ್ಕೋಬೇಡಿ. ಋಣ ಸಂಖ್ಯೆ ಕಳೆಯೋಕೆ ಬಾರದೋರು ಬೋರ್ಡ್ ಮುಂದೆ ನಿಲ್ಲಬಾರದು, ಅಷ್ಟೇ. ನನಗೆ ಬೇಜಾರಾಗೋದು ಬಾಗಿಲು ಯಾರಿಗೆ ಎಷ್ಟು ತೆರೆಯುತ್ತೆ ಅನ್ನೋದರ ಬಗ್ಗೆ. ಮೇಷ್ಟ್ರುಗಳು ಸಾಲದೇ ಬಂದಾಗ ಎಲ್ಲಾ ಸಲೀಸು. ಎರಡನೇ ಮಹಾಯುದ್ಧದ ಸಮಯದಲ್ಲಿ ಮೇಷ್ಟ್ರುಗಳು ಸೈನ್ಯಕ್ಕೂ ಕಾರ್ಖಾನೆಗಳಿಗೂ ಹೋದಾಗ ಲಕ್ಷಕ್ಕೂ ಹೆಚ್ಚು ತುರ್ತು ಸರ್ಟಿಫಿಕೇಟು ಕೊಟ್ಟರು, ಮದುವೆಯಾದ ಹೆಂಗಸರನ್ನೂ ಕರೆದರು. ನಮ್ಮ ನ್ಯೂಜೆರ್ಸಿಯೇ 1980ರ ದಶಕದ ಮಧ್ಯದಲ್ಲಿ, ಬಿ.ಎಡ್. ಥರದ ಓದು ಇಲ್ಲದ ಪದವೀಧರರು ಕೆಲಸ ಮಾಡ್ತಾ ತರಬೇತಿ ಪಡೆಯೋ 'ಬದಲಿ ದಾರಿ' ಶುರು ಮಾಡಿ ಹೆಸರು ಮಾಡಿತು. 1990ರಲ್ಲಿ ಶುರುವಾದ ಟೀಚ್ ಫಾರ್ ಅಮೆರಿಕ, ಆಗಷ್ಟೇ ಕಾಲೇಜು ಮುಗಿಸಿದವರನ್ನ ಬೇಸಿಗೆಯ ಕೆಲವೇ ವಾರದ ತರಬೇತಿ ಕೊಟ್ಟು ಬಡವರ ಸ್ಕೂಲುಗಳಿಗೆ ಕಳಿಸಿತು.

ಇನ್ನು ಮೇಲಿನ ಕುರ್ಚಿಗಳ ಕಥೆ ಕೇಳಿ. ಇಲ್ಲಿ ಪ್ರಿನ್ಸಿಪಾಲ್, ಸೂಪರಿಂಟೆಂಡೆಂಟ್ ಆಗೋಕೂ ಬೇರೆ ಲೈಸೆನ್ಸ್ ಇದೆ, ಅವರಿಗೆ 1996ರಿಂದ ಹಲವು ರಾಜ್ಯಗಳು ಒಪ್ಪಿಕೊಂಡ ಮಾನದಂಡಗಳೂ ಇವೆ. 2010ರಲ್ಲಿ ನ್ಯೂಯಾರ್ಕ್ ಮೇಯರ್ ಬ್ಲೂಮ್‌ಬರ್ಗ್ ನಗರದ ಎಲ್ಲಾ ಸರ್ಕಾರಿ ಸ್ಕೂಲುಗಳ ಮುಖ್ಯಸ್ಥರಾಗಿ ಕ್ಯಾಥಿ ಬ್ಲ್ಯಾಕ್ ಅವರನ್ನ ಆರಿಸಿದರು. ಅವರು ಮ್ಯಾಗಜೀನ್ ಕಂಪನಿಯ ಅಧಿಕಾರಿ, ಪಾಠ ಹೇಳಿದವರೇ ಅಲ್ಲ. ಲೈಸೆನ್ಸ್ ಇಲ್ಲ. ಪರವಾಗಿಲ್ಲ, ಕಾನೂನಿನಲ್ಲಿ ವಿನಾಯಿತಿ ಇದೆ! ಶಿಕ್ಷಣ ಗೊತ್ತಿರೋ ಒಬ್ಬ ಅಧಿಕಾರಿಯನ್ನ ಪಕ್ಕದಲ್ಲಿ ಇಟ್ಟುಕೊಳ್ಳಿ ಅಂತ ಹೇಳಿ ರಾಜ್ಯದ ಕಮಿಷನರ್ ವಿನಾಯಿತಿ ಕೊಟ್ಟರು. 2011ರ ಏಪ್ರಿಲ್‌ನಲ್ಲಿ, ಮೂರೇ ತಿಂಗಳಿಗೆ, ಅವರು ಕೆಲಸ ಬಿಟ್ಟರು. ಅವರಿಗೆ ಮುಂಚೆ ಇದ್ದ ಜೋಯಲ್ ಕ್ಲೈನ್ ಅವರಿಗೂ ಇಂಥದೇ ವಿನಾಯಿತಿ ಸಿಕ್ಕಿತ್ತು. ಮೇಲಿನ ಮಹಡಿಗೆ ಲಿಫ್ಟ್, ಕೆಳಗಿನವರಿಗೆ ಮೆಟ್ಟಿಲು.

ಅದೇ ನ್ಯೂಯಾರ್ಕ್ ರಾಜ್ಯದ ಇನ್ನೊಂದು ಮೊಕದ್ದಮೆ ನಮ್ಮಂಥೋರು ತಿಳ್ಕೊಂಡಿರಬೇಕು. ಮೊದಲನೇ ಮಹಾಯುದ್ಧದ ಗಾಬರಿಯಲ್ಲಿ, 1918ರಲ್ಲಿ, ಪ್ರಜೆಗಳಲ್ಲದವರು ಮೇಷ್ಟ್ರಾಗಬಾರದು ಅಂತ ಅಲ್ಲಿ ಕಾನೂನು ಮಾಡಿದ್ದರು. ಮುಂದೆ ಅದು, ಪ್ರಜೆಯಾಗೋ ಉದ್ದೇಶ ಇಲ್ಲದವರಿಗೆ ಕಾಯಂ ಸರ್ಟಿಫಿಕೇಟು ಇಲ್ಲ ಅನ್ನೋ ರೂಪದಲ್ಲಿ ಉಳಿಯಿತು. ಒಬ್ಬಾಕೆ ಬ್ರಿಟಿಷ್, ಒಬ್ಬಾಕೆ ಫಿನ್‌ಲ್ಯಾಂಡಿನವರು, ಇಬ್ಬರ ಗಂಡಂದಿರೂ ಅಮೆರಿಕನ್ನರು, ಉಳಿದ ಎಲ್ಲಾ ಅರ್ಹತೆ ಇದೆ. ಕೋರ್ಟಿಗೆ ಹೋದರು. 1979ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ರಾಜ್ಯದ ಪರ ತೀರ್ಪು ಕೊಟ್ಟಿತು. ಮಕ್ಕಳಿಗೆ ನಾಗರಿಕ ಮೌಲ್ಯ ಕಲಿಸೋದು ಮೇಷ್ಟ್ರ ಕೆಲಸ, ಅದಕ್ಕೆ ಪ್ರಜೆಯೇ ಬೇಕು ಅಂತ ರಾಜ್ಯ ಕೇಳಬಹುದು ಅಂತ. ಒಪ್ಪದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್, ಒಳ್ಳೆಯ ವಿದೇಶಿ ಮೇಷ್ಟ್ರಿಗಿಂತ ಕಳಪೆ ಸ್ವದೇಶಿ ಮೇಷ್ಟ್ರು ಮೇಲಾ ಅನ್ನೋ ಅರ್ಥದಲ್ಲಿ ಕೇಳಿದ್ದರು. 1654ರ ನಂಬಿಕೆಯ ಪ್ರಶ್ನೆಯೇ ಬೇರೆ ಬಟ್ಟೆ ಹಾಕ್ಕೊಂಡು ಬಂದಿತ್ತು ಅಂತ ನನಗನ್ನಿಸುತ್ತೆ.

ನ್ಯೂಯಾರ್ಕ್ ನಗರದಲ್ಲಿ 1996ರಲ್ಲಿ ಹೂಡಿದ್ದ ಗುಲೀನೋ ಮೊಕದ್ದಮೆಯಲ್ಲಂತೂ, ಹಳೇ ಲೈಸೆನ್ಸ್ ಪರೀಕ್ಷೆ ಕಪ್ಪು ಮತ್ತು ಲ್ಯಾಟಿನೋ ಮೇಷ್ಟ್ರುಗಳಿಗೆ ಅನ್ಯಾಯ ಮಾಡಿತ್ತು, ಅದು ಕೆಲಸಕ್ಕೆ ಸಂಬಂಧ ಇದೆ ಅಂತಲೂ ಸಾಬೀತಾಗಿಲ್ಲ ಅಂತ 2012ರಲ್ಲಿ ತೀರ್ಪು ಬಂತು. ವರ್ಷಗಟ್ಟಲೆ ಕಡಿಮೆ ಸಂಬಳಕ್ಕೆ ದುಡಿದವರಿಗೆ ಪರಿಹಾರ ನೂರು ಕೋಟಿ ಡಾಲರ್ ದಾಟಿದೆ. ಈಗ ಗಾಳಿ ಇನ್ನೊಂದು ಕಡೆ ಬೀಸ್ತಿದೆ. ಮೂಲಭೂತ ಓದು, ಬರಹ, ಲೆಕ್ಕದ ಪರೀಕ್ಷೆಯನ್ನ ನ್ಯೂಜೆರ್ಸಿ 2025ರ ಜನವರಿಯಿಂದ ತೆಗೆದುಹಾಕಿದೆ. ಕ್ಯಾಲಿಫೋರ್ನಿಯಾ ಕೂಡ 2024ರಲ್ಲಿ, ಡಿಗ್ರಿ ಇದ್ದರೆ ಸಾಕು ಅಂದಿತು. 1834ರಲ್ಲಿ ಪೆನ್ಸಿಲ್ವೇನಿಯಾ ಕೇಳಿದ್ದ ಪ್ರಶ್ನೆಯನ್ನ ಬಿಟ್ಟಂಗಾಯ್ತು. ವಿಷಯದ ಪರೀಕ್ಷೆ ಮಾತ್ರ ಇದೆ, ಅಕ್ಕ ಬರೆಯೋಕೆ ಹೋಗಿದ್ದು ಅದು.

ನಮ್ಮ ದೇಶದಲ್ಲಿ ಇದೇ ಚರ್ಚೆ ಈಗ ಬಿಸಿಯಾಗಿದೆ. ಒಂದರಿಂದ ಎಂಟನೇ ಕ್ಲಾಸಿನ ಮೇಷ್ಟ್ರಾಗೋರಿಗೆ ಟಿ.ಇ.ಟಿ. ಬಂದಿದ್ದು 2010ರಲ್ಲಿ. 2025ರ ಸೆಪ್ಟೆಂಬರ್ 1ರಂದು ನಮ್ಮ ಸುಪ್ರೀಂ ಕೋರ್ಟು, ಈಗಾಗಲೇ ಕೆಲಸದಲ್ಲಿರೋ ಮೇಷ್ಟ್ರುಗಳೂ ಎರಡು ವರ್ಷದಲ್ಲಿ ಅದನ್ನ ಪಾಸು ಮಾಡಬೇಕು, ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇರೋರಿಗೆ ಮಾತ್ರ ರಿಯಾಯಿತಿ ಅಂತು. ಟೆಕ್ಸಸ್ ಇದನ್ನ 1986ರಲ್ಲೇ ಮಾಡಿ ನೋಡಿದೆ. ಕೆಲಸದಲ್ಲಿದ್ದ ಮೇಷ್ಟ್ರುಗಳು, ಪ್ರಿನ್ಸಿಪಾಲರು, ಸುಮಾರು ಎರಡು ಲಕ್ಷ ಜನ, ಓದು ಬರಹದ ಪರೀಕ್ಷೆಗೆ ಕೂತರು. ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಜನ ಮೊದಲ ಸಲಕ್ಕೇ ಪಾಸು. ಉಳಿದಿದ್ದು ಖರ್ಚು ಮತ್ತು ಅವಮಾನ. ಅಕ್ಕನ ಹಳೇ ಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ಪರಿಚಯದ ಪ್ರೈಮರಿ ಮೇಷ್ಟ್ರುಗಳ ಕಥೆಗಳು ದಿನಾ ಬರ್ತಾ ಇರುತ್ವೆ. ಇಪ್ಪತ್ತು ವರ್ಷ ಪಾಠ ಹೇಳಿದ ಒಬ್ಬರು ಈಗ ರಾತ್ರಿ ಮಗಳ ಜೊತೆ ಕೂತು ಗೈಡ್ ಓದ್ತಿದ್ದಾರಂತೆ.

ಮಧ್ಯೆ ಒಂದು ಮಾತು. ನಾನು ಬರೆಯೋ ಕೋಡಿನಲ್ಲಿ ಜನರ ದುಡ್ಡು ಓಡಾಡುತ್ತೆ. ಇಲ್ಲಿವರೆಗೂ ಯಾವ ರಾಜ್ಯವೂ ನನಗೆ ಲೈಸೆನ್ಸ್ ಕೇಳಿಲ್ಲ. ಒಂದು ಗಂಟೆ ಇಂಟರ್‌ವ್ಯೂ ಮಾಡಿ, ಲಿಂಕ್ಡ್ ಲಿಸ್ಟ್ ತಿರುಗಿಸು ಅಂದ್ರು, ತಿರುಗಿಸಿದೆ, ಒಳಗೆ ಬಿಟ್ಟರು. ಅಕ್ಕನ ಕಾಗದಗಳು ಮಾತ್ರ ವಿಶ್ವವಿದ್ಯಾಲಯದಿಂದ ಸೀಲು ಹಾಕಿದ ಲಕೋಟೆಯಲ್ಲೇ ಬರಬೇಕು, ಬಂದ ಮೇಲೆ ಮೂರು ವರ್ಷದ ಬಿ.ಎಸ್ಸಿ. ಇಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮವಾ ಅಂತ ಇನ್ನೊಂದು ಕಂಪನಿ ದುಡ್ಡು ತಗೊಂಡು ತೀರ್ಮಾನ ಮಾಡಬೇಕು. ಆ ಲಕೋಟೆಗೆ ಅಪ್ಪ ನಾಲ್ಕು ಸಲ ಬಸ್ಸು ಹತ್ತಿ ಹೋಗಿ ಬಂದರು. ಕೊನೆಗೆ ಬಿ.ಎಡ್. ಸೇರಿಸಿ ಸಮ ಅಂತ ಬರೆದುಕೊಟ್ಟರು, ಅದಕ್ಕೇ ಏಳು ತಿಂಗಳು.

ಹನ್ನೊಂದು ಮುಕ್ಕಾಲಿಗೆ ಅಕ್ಕ ಹೊರಗೆ ಬಂದಳು. ಕೈಯಲ್ಲಿ ಅವರು ಲಾಕರ್‌ನಲ್ಲಿ ಇಡಿಸಿದ್ದ ಜಾಕೆಟ್ಟು, ಮುಖದಲ್ಲಿ ಏನೂ ಗೊತ್ತಾಗ್ತಿರಲಿಲ್ಲ. ಕಾರಲ್ಲಿ ಕೂತು ಬೆಲ್ಟ್ ಹಾಕ್ಕೊಂಡ್ಲು. ಡಬ್ಬಿಯಿಂದ ತಣ್ಣಗಾದ ಚಪಾತಿ ತೆಗೆದು ನನಗೂ ಅರ್ಧ ಕೊಟ್ಟಳು.

"ಹೆಂಗಿತ್ತಕ್ಕಾ?"

"ಕ್ಯಾಲ್ಕುಲೇಟರ್ ಅವರೇ ಕೊಡ್ತಾರೆ ಕಣೋ, ಸ್ಕ್ರೀನ್ ಮೇಲೆ. ಗ್ರಾಫೂ ಅದೇ ಹಾಕುತ್ತೆ" ಅಂದ್ಲು. ಒಂದು ನಿಮಿಷ ಬಿಟ್ಟು, "ನಮ್ಮ ಹುಡುಗರಿಗೆ ಲಾಗ್ ಟೇಬಲ್ ನೋಡೋದು ಕಲಿಸೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ" ಅಂತ ನಗೋಕೆ ಶುರು ಮಾಡಿದ್ಲು.

ರಿಸಲ್ಟ್ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಆ ಎಂಟನೇ ಕ್ಲಾಸಿಗೆ ಹೋದಳು, ಅದೇ ಹಿಂದಿನ ಬೆಂಚಿಗೆ. ಋಣ ಸಂಖ್ಯೆ ಪಾಠ ಮುಗಿದು ಈಗ ಸಮೀಕರಣ ನಡೀತಿದೆಯಂತೆ. ಪಕ್ಕದ ಮಗುವಿನ ನೋಟ್‌ಬುಕ್ಕಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸರಿ ಉತ್ತರ ಬರೆದು ತೋರಿಸ್ತಾಳಂತೆ, ಅದನ್ನ ನೋಡೋಕೆ ಈಗ ಹಿಂದಿನ ಸಾಲಿನ ಇನ್ನೂ ಮೂರು ಮಕ್ಕಳು ಬಗ್ಗಿ ಕೂರ್ತಾರಂತೆ.